ಫೋನ್ ರೀಸೆಟ್ ಮಾಡಿದರೆ ದುಡ್ಡು ಕಟ್ಟಿದ ಆ್ಯಪ್‌ನ ರಿಜಿಸ್ಟ್ರೇಷನ್ ಉಳಿಯುತ್ತಾ?

ಪ್ರಶ್ನೆ: ಇಳಕಲ್‌ನಲ್ಲಿ ನಮ್ಮದು ಸೀರೆ ಅಂಗಡಿ. ನಾಲ್ಕು ವರ್ಷದ ಹಳೆಯ ಆಂಡ್ರಾಯ್ಡ್ ಫೋನಿನಲ್ಲೇ ಬಿಲ್ಲಿಂಗ್ ನಡೆಯುತ್ತದೆ. ಈಗ ಅದು ಬಹಳ ಹ್ಯಾಂಗ್ ಆಗುತ್ತಿದೆ. ಮೊಬೈಲ್ ಅಂಗಡಿಯವರು ‘ರೀಸೆಟ್ ಮಾಡಬೇಕು, ಅದಕ್ಕೂ ಆಗದಿದ್ದರೆ ಸಾಫ್ಟ್‌ವೇರ್ ಹೊಡಿಬೇಕು’ ಅಂತಾರೆ. ಬಿಲ್ಲಿಂಗ್ ಆ್ಯಪನ್ನು ಕಂಪನಿಯ ವೆಬ್‌ಸೈಟ್‌ನಿಂದ ‘ಲೈಫ್‌ಟೈಮ್’ ಅಂತ ದುಡ್ಡು ಕಟ್ಟಿ ತಗೊಂಡಿದ್ದು. ಎಲ್ಲ ಹಾಕಿಕೊಟ್ಟವನು ನನ್ನ ಅಣ್ಣನ ಮಗ, ಅವನೀಗ ಪುಣೆಯಲ್ಲಿದ್ದಾನೆ. ಪ್ಲೇ ಸ್ಟೋರ್‌ನಲ್ಲಿ ಕೊಂಡ ಒಂದೆರಡು ಆ್ಯಪ್ ಕೂಡ ಇವೆ. ಯುಪಿಐ, ವಾಟ್ಸ್‌ಆ್ಯಪ್ ಎಲ್ಲ ಇದರಲ್ಲೇ. ರೀಸೆಟ್ ಮಾಡಿದರೆ ರಿಜಿಸ್ಟ್ರೇಷನ್ ಹೋಗುತ್ತಾ? ಮತ್ತೆ ದುಡ್ಡು ಕಟ್ಟಬೇಕಾ? ‘ಎಲ್ಲ ಬ್ಯಾಕಪ್ ಮಾಡಿಕೊಡ್ತೀವಿ’ ಅಂತ ಅಂಗಡಿಯವರು ಹೇಳೋದನ್ನು ನಂಬಬಹುದಾ?

ಉತ್ತರ: ಅಕ್ಕಾವರೇ, ರೀಸೆಟ್‌ಗೆ ಮುಂಚೆ ಕೇಳಿದ್ದು ಬಹಳ ಒಳ್ಳೆಯದಾಯಿತು. ಬಾಗಲಕೋಟೆಯ ನವನಗರದಲ್ಲಿ ನಮ್ಮ ರಿಪೇರಿ ಟೇಬಲ್‌ಗೆ ಬರುವವರಲ್ಲಿ ಜಾಸ್ತಿ ಜನ ರೀಸೆಟ್ ಆದ ಮೇಲೆ ಬರುತ್ತಾರೆ. ಆಗ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ.

ಡೇಟಾ ಉಳಿಸುವುದು ಒಂದು ಕೆಲಸ, ರಿಜಿಸ್ಟ್ರೇಷನ್ ಉಳಿಸುವುದು ಇನ್ನೊಂದು ಕೆಲಸ. ಬ್ಯಾಕಪ್ ಅಂದರೆ ಎರಡೂ ಆಯಿತು ಅಂತ ಹೆಚ್ಚಿನವರು ತಿಳಿದುಕೊಳ್ಳುತ್ತಾರೆ. ಹಾಗಲ್ಲ. ನಿಮ್ಮ ಬಿಲ್ಲು, ಉದ್ರಿ ಲೆಕ್ಕ, ಗಿರಾಕಿಗಳ ಹೆಸರು ಇವೆಲ್ಲ ಡೇಟಾ. ‘ಈ ಆ್ಯಪ್‌ಗೆ ಇವರು ದುಡ್ಡು ಕಟ್ಟಿದ್ದಾರೆ, ಈ ಫೋನಿನಲ್ಲಿ ಓಡಿಸಬಹುದು’ ಅನ್ನುವ ಗುರುತು ಬೇರೆ. ಅದು ಎಷ್ಟೋ ಸಲ ಬ್ಯಾಕಪ್ ಒಳಗೆ ಬರುವುದೇ ಇಲ್ಲ. ಬಂದರೂ ಹೊಸದಾಗಿ ರೀಸೆಟ್ ಆದ ಫೋನಿನಲ್ಲಿ ಅದು ನಡೆಯದೇ ಇರಬಹುದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಅದಕ್ಕೂ ಮುಂಚೆ ಒಂದು ಮಾತು. ರೀಸೆಟ್ ನಿಜವಾಗಿ ಬೇಕಾ ನೋಡಿ. ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ತೆರೆಯಿರಿ. ಜಾಗ ಪೂರ್ತಿ ತುಂಬುತ್ತ ಬಂದಿದ್ದರೆ ಹ್ಯಾಂಗ್ ಆಗುವುದಕ್ಕೆ ಅದೊಂದೇ ಕಾರಣ ಸಾಕು. ಸೀರೆ ಅಂಗಡಿಯ ಫೋನಿನಲ್ಲಿ ಏನು ತುಂಬಿರುತ್ತದೆ ಅಂತ ನೋಡದೆಯೇ ಊಹಿಸಬಹುದು. ಚಿಕ್ಕಿ ಪರಾಸ, ಗೋಮಿ, ಗಾಡಿ ದಡಿಯ ಫೋಟೋಗಳು, ಸೆರಗು ಬಿಡಿಸಿ ತೋರಿಸಿದ ವಿಡಿಯೋಗಳು, ಒಂದೊಂದೂ ಹತ್ತು ಗ್ರೂಪಿಗೆ ಹೋಗಿ ಬಂದಿರುತ್ತವೆ. ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ಮ್ಯಾನೇಜ್ ಸ್ಟೋರೇಜ್’ ಅಂತ ಇದೆ. ಅಲ್ಲಿ ದೊಡ್ಡ ಫೈಲುಗಳು ಮೇಲೆ ಬರುತ್ತವೆ. ಬೇಕಾದ್ದನ್ನು ಕಂಪ್ಯೂಟರ್‌ಗೆ ಹಾಕಿಕೊಂಡು ಉಳಿದದ್ದನ್ನು ಅಳಿಸಿ, ಎರಡು ದಿನ ಫೋನ್ ಬಳಸಿ ನೋಡಿ. ಚುರುಕಾದರೆ ಸದ್ಯಕ್ಕೆ ರೀಸೆಟ್ ಬೇಡ.

ಆಗಲಿಲ್ಲ ಅಂದರೆ ರೀಸೆಟ್‌ಗೂ ‘ಸಾಫ್ಟ್‌ವೇರ್ ಹೊಡೆಯುವುದಕ್ಕೂ’ ಇರುವ ವ್ಯತ್ಯಾಸ ತಿಳಿದಿರಲಿ. ಫ್ಯಾಕ್ಟರಿ ರೀಸೆಟ್ ಮಾಡಿದಾಗ ಫೋನಿನ ಸಿಸ್ಟಂ ಇದ್ದಹಾಗೆ ಇರುತ್ತದೆ. ನೀವು ಹಾಕಿದ ಆ್ಯಪ್, ಅದರ ಡೇಟಾ, ಫೋಟೋ, ಅಕೌಂಟ್ ಎಲ್ಲ ಇರುವ ಭಾಗ ಮಾತ್ರ ಖಾಲಿಯಾಗುತ್ತದೆ. ಸಾಫ್ಟ್‌ವೇರ್ ಹೊಡೆಯುವುದು ಅಂದರೆ ಸಿಸ್ಟಮ್ಮನ್ನೇ ಕಂಪ್ಯೂಟರ್‌ನಿಂದ ಮತ್ತೆ ಬರೆಯುವುದು. ಅದರಲ್ಲೂ ಸಾಮಾನ್ಯವಾಗಿ ಡೇಟಾ ಹೋಗುತ್ತದೆ. ಅದಕ್ಕಾಗಿ ಬೂಟ್‌ಲೋಡರ್ (ಫೋನ್ ಆನ್ ಆಗುವಾಗ ಸಿಸ್ಟಮ್ಮನ್ನು ಶುರು ಮಾಡುವ ಭಾಗ) ಅನ್‌ಲಾಕ್ ಮಾಡಬೇಕಾಗಿ ಬಂದರೆ ಆ ಹೆಜ್ಜೆಯಲ್ಲೇ ಫೋನ್ ತನ್ನಷ್ಟಕ್ಕೆ ಎಲ್ಲ ಅಳಿಸುತ್ತದೆ. ‘ಆಮೇಲೆ ರಿಕವರ್ ಮಾಡಿಕೊಡ್ತೀವಿ’ ಅನ್ನುವ ಮಾತನ್ನು ನಂಬಬೇಡಿ. ಈಗಿನ ಫೋನುಗಳಲ್ಲಿ ಡೇಟಾ ಪೂರ್ತಿ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀಲಿ ಇಲ್ಲದೆ ಓದಲಾಗದ ಗುಪ್ತ ಭಾಷೆಯಲ್ಲಿರುತ್ತದೆ. ರೀಸೆಟ್ ಆದಾಗ ಅದನ್ನು ಬಿಚ್ಚುವ ಕೀಲಿಯೇ ನಾಶವಾಗುತ್ತದೆ. ಆಮೇಲೆ ಯಾವ ರಿಕವರಿ ಸಾಫ್ಟ್‌ವೇರ್‌ಗೂ ಅದು ಸಿಗುವುದಿಲ್ಲ.

ಈಗ ರಿಜಿಸ್ಟ್ರೇಷನ್ ವಿಷಯ. ಒಂದೊಂದು ಆ್ಯಪ್‌ಗೂ ‘ಇದು ನನ್ನನ್ನು ಯಾವುದರಿಂದ ಗುರುತಿಸುತ್ತದೆ?’ ಅಂತ ಕೇಳಿಕೊಳ್ಳಿ. ಕೆಲವು ಗೂಗಲ್ ಅಕೌಂಟ್‌ನಿಂದ ಗುರುತಿಸುತ್ತವೆ. ಕೆಲವು ಮೊಬೈಲ್ ನಂಬರ್‌ನಿಂದ. ಕೆಲವು ಫೋನನ್ನೇ ಗುರುತು ಹಿಡಿಯುತ್ತವೆ. ತೊಂದರೆ ಕೊಡುವುದು ಈ ಕೊನೆಯ ಜಾತಿ. ವೆಬ್‌ಸೈಟ್‌ನಿಂದ ಕೀ ಕೊಂಡು ಹಾಕುವ ಬಿಲ್ಲಿಂಗ್ ಆ್ಯಪ್‌ಗಳು ಸಾಮಾನ್ಯವಾಗಿ ಇದೇ ಜಾತಿಯವು.

ಮುಂಚೆ ಇದು ಇಷ್ಟು ಕಷ್ಟ ಇರಲಿಲ್ಲ. 2000ರ ದಶಕದಲ್ಲಿ ಪಾಮ್ ಅನ್ನುವ ಅಂಗೈ ಕಂಪ್ಯೂಟರುಗಳಲ್ಲಿ ಎಷ್ಟೋ ಸಾಫ್ಟ್‌ವೇರ್‌ಗಳ ಕೋಡು ಬಳಕೆದಾರ ಕೊಟ್ಟ ಹಾಟ್‌ಸಿಂಕ್ ಹೆಸರಿಗೆ (ಕಂಪ್ಯೂಟರ್ ಜೊತೆ ಜೋಡಿಸುವಾಗ ಕೊಡುವ ಹೆಸರು) ಕಟ್ಟಿರುತ್ತಿತ್ತು. ಸಾಧನವನ್ನು ಪೂರ್ತಿ ಅಳಿಸಿದರೂ ಅದೇ ಹೆಸರನ್ನು ಅಕ್ಷರ ತಪ್ಪದೆ ಮತ್ತೆ ಕೊಟ್ಟರೆ ಹಳೆಯ ಕೋಡೇ ನಡೆಯುತ್ತಿತ್ತು. ಆಂಡ್ರಾಯ್ಡ್‌ಗೆ ಮುಂಚಿನ ಸಿಂಬಿಯನ್ ಫೋನುಗಳ ಕಾಲದಲ್ಲಿ ಐಎಂಇಐ (ಒಂದೊಂದು ಫೋನಿಗೂ ಬೇರೆ ಇರುವ ಗುರುತಿನ ನಂಬರ್) ಮೇಲೆ ಕೀ ಮಾಡಿಕೊಡುತ್ತಿದ್ದರು. ಫೋನ್ ಫಾರ್ಮ್ಯಾಟ್ ಮಾಡಿದರೂ ಐಎಂಇಐ ಬದಲಾಗುವುದಿಲ್ಲವಲ್ಲ, ಹಾಗಾಗಿ ಕೀ ಬರೆದಿಟ್ಟುಕೊಂಡಿದ್ದರೆ ಸಾಕಿತ್ತು.

ಆಂಡ್ರಾಯ್ಡ್‌ನಲ್ಲಿ ಆ ದಾರಿ ಮುಚ್ಚಿದೆ. 2019ರಲ್ಲಿ ಬಂದ ಆಂಡ್ರಾಯ್ಡ್ 10ರಿಂದ ಸಾಮಾನ್ಯ ಆ್ಯಪ್‌ಗಳಿಗೆ ಐಎಂಇಐ ಓದಲು ಬಿಡುವುದಿಲ್ಲ. ಹಾಗಾಗಿ ಎಷ್ಟೋ ಆ್ಯಪ್‌ಗಳು ‘ಆಂಡ್ರಾಯ್ಡ್ ಐಡಿ’ ಅನ್ನುವ 64 ಬಿಟ್‌ನ ಸಂಖ್ಯೆಯನ್ನು ನೋಡುತ್ತವೆ. 2017ರ ಆಂಡ್ರಾಯ್ಡ್ 8ರಿಂದ ಈ ಐಡಿ ಒಂದೊಂದು ಕಂಪನಿಯ ಆ್ಯಪ್‌ಗೆ ಒಂದೊಂದು ಥರ ಕಾಣುತ್ತದೆ. ನಮಗೆ ಮುಖ್ಯವಾದದ್ದು ಬೇರೆ: ಫ್ಯಾಕ್ಟರಿ ರೀಸೆಟ್ ಮಾಡಿದರೆ ಈ ಐಡಿ ಬದಲಾಗುತ್ತದೆ. ಆಲಮಟ್ಟಿ ಹಿನ್ನೀರು ಬಂದು ಹಳೇ ಬಾಗಲಕೋಟೆಯಿಂದ ನವನಗರದ ಸೆಕ್ಟರುಗಳಿಗೆ ಬಂದವರ ಹಾಗೆ: ಮನೆಯವರು ಅವರೇ, ವಿಳಾಸ ಮಾತ್ರ ಹೊಸದು, ಹಳೇ ವಿಳಾಸಕ್ಕೆ ಬರೆದ ಕಾಗದ ಅವರಿಗೆ ಮುಟ್ಟುವುದಿಲ್ಲ. ನಿಮ್ಮ ಕೈಯಲ್ಲಿರುವುದು ಅದೇ ಫೋನು. ಆದರೆ ಕಂಪನಿಯ ಸರ್ವರ್‌ಗೆ ಅದು ಹೊಸ ಫೋನಾಗಿ ಕಾಣುತ್ತದೆ. ಹಳೆಯ ಫೋನ್ ಇನ್ನೂ ಬಳಕೆಯಲ್ಲಿದೆ ಅಂತಲೇ ಅದು ಲೆಕ್ಕ ಇಟ್ಟಿರುತ್ತದೆ. ನಿಮ್ಮ ಲೈಸೆನ್ಸ್ ಒಂದೇ ಫೋನಿಗೆ ಅಂತಿದ್ದರೆ ‘ಡಿವೈಸ್ ಲಿಮಿಟ್ ಮುಗಿದಿದೆ’ ಅಂತ ಬರುತ್ತದೆ. ದುಡ್ಡು ಕಟ್ಟಿದ ಕೀ ಕೈಯಲ್ಲಿದ್ದರೂ ಆ್ಯಪ್ ತೆರೆಯುವುದಿಲ್ಲ.

ಆದ್ದರಿಂದ ಮೊದಲು ಬಿಲ್ಲಿಂಗ್ ಆ್ಯಪ್ ಕೈಗೆತ್ತಿಕೊಳ್ಳಿ. ಸೆಟ್ಟಿಂಗ್ಸ್ ಒಳಗೆ ‘ಅಬೌಟ್’ ಅಥವಾ ‘ಲೈಸೆನ್ಸ್’ ಅಂತ ಒಂದು ಪುಟ ಇರುತ್ತದೆ. ಅಲ್ಲಿ ನೋಂದಣಿಯಾದ ಇ-ಮೇಲ್ ಅಥವಾ ಮೊಬೈಲ್ ನಂಬರ್, ಲೈಸೆನ್ಸ್ ಕೀ, ಪ್ಲಾನಿನ ಹೆಸರು, ಡಿವೈಸ್ ಐಡಿ, ಆ್ಯಪ್‌ನ ವರ್ಷನ್ ನಂಬರ್ ಕಾಣುತ್ತವೆ. ಅಷ್ಟನ್ನೂ ತೆಗೆದಿಟ್ಟುಕೊಳ್ಳಿ. ಸ್ಕ್ರೀನ್‌ಶಾಟ್ ತೆಗೆದರೆ ಅದು ಅದೇ ಫೋನಿನಲ್ಲಿ ಉಳಿಯುತ್ತದೆ, ರೀಸೆಟ್ ಜೊತೆ ಅದೂ ಹೋಗುತ್ತದೆ. ಕೂಡಲೇ ಮನೆಯಲ್ಲಿ ಇನ್ನೊಬ್ಬರ ಫೋನಿಗೆ ಕಳಿಸಿ. ಕೀಯನ್ನು ಕೈಯಲ್ಲಿ ಬರೆದುಕೊಳ್ಳುವುದಾದರೆ ಸೊನ್ನೆ ಯಾವುದು ‘ಓ’ ಯಾವುದು, ಒಂದು ಯಾವುದು ‘ಐ’ ಯಾವುದು ಅಂತ ಪಕ್ಕದಲ್ಲಿ ಗುರುತು ಹಾಕಿ. ಅದಕ್ಕಿಂತ ಮೇಲು, ಕಂಪನಿ ಕಳಿಸಿದ ಮೂಲ ಇ-ಮೇಲನ್ನೇ ಹುಡುಕಿ ಕಾಪಿ ಮಾಡುವುದು. ಅದು ನಿಮ್ಮ ಅಣ್ಣನ ಮಗನ ಮೇಲ್‌ಗೆ ಬಂದಿದ್ದರೂ ಬಂದಿರಬಹುದು. ಪುಣೆಗೆ ಫೋನ್ ಹಚ್ಚಿ, ಆ ಮೇಲ್ ಮತ್ತು ದುಡ್ಡು ಕಟ್ಟಿದ ರಶೀದಿ ಎರಡನ್ನೂ ನಿಮಗೆ ಫಾರ್ವರ್ಡ್ ಮಾಡಲು ಹೇಳಿ. ಯಾವ ಇ-ಮೇಲ್‌ನಿಂದ ನೋಂದಣಿ ಆಗಿದೆಯೋ ಕಂಪನಿಯ ಲೆಕ್ಕದಲ್ಲಿ ಗಿರಾಕಿ ಅವರೇ. ಅದು ಅಣ್ಣನ ಮಗನ ಇ-ಮೇಲ್ ಆಗಿದ್ದರೆ ರೀಸೆಟ್‌ಗೆ ಮುಂಚೆಯೇ ನೋಂದಣಿಯನ್ನು ನಿಮ್ಮ ಹೆಸರಿಗೆ ಬದಲಿಸಿಕೊಳ್ಳಿ.

ಇನ್ನು ಆ್ಯಪ್‌ನ ಡೇಟಾ. ‘ಬ್ಯಾಕಪ್’ ಬಟನ್ ಒತ್ತಿದಾಗ ಫೈಲು ಎಲ್ಲಿ ಕೂರುತ್ತದೆ ಅಂತ ನೋಡಿ. ಎಷ್ಟೋ ಆ್ಯಪ್‌ಗಳು ಫೋನಿನದೇ ‘ಡೌನ್‌ಲೋಡ್’ ಅಥವಾ ‘ಡಾಕ್ಯುಮೆಂಟ್ಸ್’ ಫೋಲ್ಡರ್‌ನಲ್ಲಿ ಇಡುತ್ತವೆ. ಅಲ್ಲಿದ್ದರೆ ರೀಸೆಟ್‌ನಲ್ಲಿ ಅದೂ ಅಳಿಯುತ್ತದೆ. ಫೈಲನ್ನು ಮೇಲ್ ಮಾಡಿಕೊಳ್ಳಿ, ಅಥವಾ ಒಟಿಜಿ (ಫೋನಿಗೆ ಪೆನ್‌ಡ್ರೈವ್ ಜೋಡಿಸುವ ಸಣ್ಣ ಕನೆಕ್ಟರ್) ಹಾಕಿ ಪೆನ್‌ಡ್ರೈವ್‌ಗೆ ತೆಗೆದುಕೊಳ್ಳಿ. ಎರಡೂ ಮಾಡಿದರೆ ಇನ್ನೂ ಒಳ್ಳೆಯದು. ಫೈಲಿನ ಗಾತ್ರ ನೋಡಿ. ವರ್ಷಗಟ್ಟಲೆ ಬಿಲ್ಲು ಇರುವ ಫೈಲು 0 ಕೆಬಿ ತೋರಿಸಿದರೆ ಅದು ಬ್ಯಾಕಪ್ ಅಲ್ಲ. ಸಾಧ್ಯವಾದರೆ ಇನ್ನೊಂದು ಫೋನಿನಲ್ಲಿ ಅದೇ ಆ್ಯಪ್‌ನ ಉಚಿತ ಆವೃತ್ತಿ ಹಾಕಿ, ಆ ಫೈಲು ತೆರೆದುಕೊಳ್ಳುತ್ತದಾ ಅಂತ ಪರೀಕ್ಷೆ ಮಾಡಿ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಜೊತೆಗೆ ಪೂರ್ತಿ ಲೆಕ್ಕವನ್ನು ಎಕ್ಸೆಲ್ ಅಥವಾ ಪಿಡಿಎಫ್‌ಗೂ ತೆಗೆಯಿರಿ. ಬ್ಯಾಕಪ್ ಫೈಲು ಆ ಆ್ಯಪ್‌ನಲ್ಲಿ ಮಾತ್ರ ತೆರೆಯುತ್ತದೆ, ಎಕ್ಸೆಲ್ ಎಲ್ಲಿ ಬೇಕಾದರೂ ತೆರೆಯುತ್ತದೆ.

ಒಂದು ಹಾಳೆಯಲ್ಲಿ ಮೂರು ವಿಷಯ ಬರೆದಿಡಿ: ಕೊನೆಯ ಬಿಲ್ ನಂಬರ್, ಒಟ್ಟು ಉದ್ರಿ ಮೊತ್ತ, ಸ್ಟಾಕಿನಲ್ಲಿರುವ ಒಟ್ಟು ಸೀರೆ. ಜಿಎಸ್‌ಟಿ ನೋಂದಣಿ ಇದ್ದರೆ ಬಿಲ್ ನಂಬರ್ ವಿಷಯ ಇನ್ನೂ ಮುಖ್ಯ. ನಿಯಮದ ಪ್ರಕಾರ ಒಂದು ಆರ್ಥಿಕ ವರ್ಷದಲ್ಲಿ ಬಿಲ್ ನಂಬರುಗಳು ಒಂದರ ಹಿಂದೆ ಒಂದು ಬರಬೇಕು, ಒಂದೇ ನಂಬರು ಎರಡು ಸಲ ಬರಬಾರದು. ರೀಸೆಟ್ ಆದ ಮೇಲೆ ಅವಸರದಲ್ಲಿ ಹೊಸದಾಗಿ ಬಿಲ್ ಹಾಕಿದರೆ ಆ್ಯಪ್ ಮತ್ತೆ 1ರಿಂದ ಶುರು ಮಾಡುತ್ತದೆ. ಲೆಕ್ಕಪತ್ರವನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಂಡಿರಬೇಕು ಅಂತಲೂ ಕಾನೂನಿದೆ. ಫೋನ್ ರೀಸೆಟ್ ಆಯಿತು ಅನ್ನುವ ಕಾರಣ ಅಲ್ಲಿ ನಡೆಯುವುದಿಲ್ಲ.

ಇಷ್ಟಾದ ಮೇಲೆ ‘ಡೀಆ್ಯಕ್ಟಿವೇಟ್’, ‘ಲೈಸೆನ್ಸ್ ಬಿಡುಗಡೆ’ ಅಥವಾ ‘ಈ ಡಿವೈಸ್ ತೆಗೆಯಿರಿ’ ಅನ್ನುವ ಬಟನ್ ಹುಡುಕಿ. ಇದನ್ನು ಒತ್ತಿದರೆ ಸರ್ವರ್‌ನಲ್ಲಿ ನಿಮ್ಮ ಹಳೆಯ ಜಾಗ ಖಾಲಿಯಾಗುತ್ತದೆ. ಆಮೇಲೆ ಅದೇ ಕೀ ಹೊಸದಾಗಿ ಹಾಕಬಹುದು. ಆದರೆ ಒತ್ತುವುದು ಕಟ್ಟಕಡೆಗೆ. ಕೆಲವು ಆ್ಯಪ್‌ಗಳು ಡೀಆ್ಯಕ್ಟಿವೇಟ್ ಆದ ಕೂಡಲೇ ಬ್ಯಾಕಪ್ ಬಟನ್ನನ್ನೂ ಮುಚ್ಚಿಬಿಡುತ್ತವೆ. ಒತ್ತುವಾಗ ಇಂಟರ್ನೆಟ್ ಆನ್ ಇರಬೇಕು, ಇಲ್ಲದಿದ್ದರೆ ಸರ್ವರ್‌ಗೆ ವಿಷಯ ತಲುಪುವುದಿಲ್ಲ. ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದರೆ ಸಾಕು ಅಂದುಕೊಳ್ಳಬೇಡಿ. ಆ್ಯಪ್ ಅಳಿಸಿದ್ದು ಸಾಮಾನ್ಯವಾಗಿ ಕಂಪನಿಗೆ ಗೊತ್ತೇ ಆಗುವುದಿಲ್ಲ.

ಅಂಥ ಬಟನ್ ಇಲ್ಲವೇ ಇಲ್ಲ ಅಂದರೆ ಕಂಪನಿಗೆ ಮುಂಚೆಯೇ ಮೇಲ್ ಬರೆಯಿರಿ. ಸುಮ್ನೆ ‘ಹೆಲ್ಪ್ ಮಾಡಿ’ ಅಂತ ಬರೆದರೆ ಹತ್ತು ಸಲ ತಿರುಗಿ ಪ್ರಶ್ನೆ ಬರುತ್ತದೆ. ನೋಂದಣಿಯಾದ ಇ-ಮೇಲ್, ಕೀ, ಹಳೆಯ ಡಿವೈಸ್ ಐಡಿ, ದುಡ್ಡು ಕಟ್ಟಿದ ತಾರೀಕು, ರಶೀದಿ ನಂಬರ್ ಐದನ್ನೂ ಕೊಟ್ಟು, ‘ಇದೇ ಫೋನನ್ನು ಇಂಥ ದಿನ ರೀಸೆಟ್ ಮಾಡುತ್ತಿದ್ದೇನೆ, ಲೈಸೆನ್ಸ್ ಮತ್ತೆ ಆ್ಯಕ್ಟಿವೇಟ್ ಮಾಡಲು ಅವಕಾಶ ಕೊಡಿ’ ಅಂತ ನೇರ ಕೇಳಿ. ಉತ್ತರ ಬರುವವರೆಗೆ ರೀಸೆಟ್ ಬೇಡ.

ಪ್ಲೇ ಸ್ಟೋರ್‌ನಲ್ಲಿ ಕೊಂಡ ಆ್ಯಪ್‌ಗಳ ವಿಷಯದಲ್ಲಿ ಇಷ್ಟು ಚಿಂತೆ ಇಲ್ಲ. ಅವು ಗೂಗಲ್ ಅಕೌಂಟ್‌ಗೆ ಸೇರಿದವು. ಅದೇ ಅಕೌಂಟ್‌ನಿಂದ ಒಳಗೆ ಬಂದರೆ ಮತ್ತೆ ದುಡ್ಡು ಕೊಡದೆ ಹಾಕಿಕೊಳ್ಳಬಹುದು. ಆ್ಯಪ್ ಒಳಗೆ ಕೊಂಡ ‘ಪ್ರೀಮಿಯಂ’, ‘ಜಾಹೀರಾತು ಬೇಡ’ ಥರದ್ದು ತಾನೇ ಬರದಿದ್ದರೆ ‘ರಿಸ್ಟೋರ್ ಪರ್ಚೇಸ್’ ಒತ್ತಿದರೆ ಬರುತ್ತದೆ. ಪ್ರಶ್ನೆ ಇರುವುದು ‘ಅದೇ ಅಕೌಂಟ್’ ಅನ್ನುವುದರಲ್ಲಿ. ನಮ್ಮ ಕಡೆ ಫೋನ್ ಕೊಂಡಾಗ ಅಂಗಡಿಯವರೋ ಮನೆಯ ಹುಡುಗರೋ ಒಂದು ಜಿಮೇಲ್ ಮಾಡಿಕೊಟ್ಟಿರುತ್ತಾರೆ. ಪಾಸ್‌ವರ್ಡ್ ಏನು ಅಂತ ಫೋನಿನ ಮಾಲೀಕರಿಗೇ ಗೊತ್ತಿರುವುದಿಲ್ಲ. ಫೋನ್ ಓಡುತ್ತಿರುವವರೆಗೆ ಯಾರೂ ಕೇಳುವುದೂ ಇಲ್ಲ. ನಿಮ್ಮದೂ ಹಾಗೇ ಇದ್ದರೆ ಇಡೀ ಕೆಲಸದಲ್ಲಿ ದೊಡ್ಡ ಅಪಾಯ ಇರುವುದು ಇಲ್ಲೇ.

ಯಾಕೆಂದರೆ 2015ರ ಆಂಡ್ರಾಯ್ಡ್ 5.1ರಿಂದ ‘ಫ್ಯಾಕ್ಟರಿ ರೀಸೆಟ್ ಪ್ರೊಟೆಕ್ಷನ್’ ಅನ್ನುವ ಕಳ್ಳತನ ತಡೆ ಇದೆ. ಫೋನ್ ಆಫ್ ಮಾಡಿ ಪಕ್ಕದ ಬಟನ್‌ಗಳನ್ನು ಒತ್ತಿ ಹೋಗುವ ರಿಕವರಿ ಮೋಡ್‌ನಿಂದ ರೀಸೆಟ್ ಮಾಡಿದರೆ, ಫೋನಿನಲ್ಲಿ ಮುಂಚೆ ಇದ್ದ ಗೂಗಲ್ ಅಕೌಂಟ್‌ನ ಇ-ಮೇಲ್ ಮತ್ತು ಪಾಸ್‌ವರ್ಡ್ ಕೇಳುತ್ತದೆ. ಗೊತ್ತಿಲ್ಲದಿದ್ದರೆ ಫೋನ್ ಒಳಗೇ ಬಿಡುವುದಿಲ್ಲ. ಸೆಟ್ಟಿಂಗ್ಸ್ ಒಳಗಿಂದ ಪ್ಯಾಟರ್ನ್ ಕೊಟ್ಟು ರೀಸೆಟ್ ಮಾಡಿದರೆ ಸಾಮಾನ್ಯವಾಗಿ ಈ ಬೀಗ ಬೀಳುವುದಿಲ್ಲ. ಆದರೂ ಆ ಪಾಸ್‌ವರ್ಡ್ ಇಲ್ಲದೆ ಕೊಂಡ ಆ್ಯಪ್, ಕಾಂಟ್ಯಾಕ್ಟ್, ಬ್ಯಾಕಪ್ ಯಾವುದೂ ಬರುವುದಿಲ್ಲ. ಒಂದು ಜಿಮೇಲ್‌ನಲ್ಲಿ ಕೊಂಡ ಆ್ಯಪನ್ನು ಇನ್ನೊಂದಕ್ಕೆ ವರ್ಗ ಮಾಡುವ ದಾರಿಯೂ ಇಲ್ಲ.

ಹೀಗೆ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ‘ಗೂಗಲ್’ ತೆರೆದು ಯಾವ ಜಿಮೇಲ್ ಇದೆ ನೋಡಿ, ಎರಡಿದ್ದರೆ ಎರಡನ್ನೂ ಬರೆದುಕೊಳ್ಳಿ. ಬೇರೆ ಫೋನ್ ಅಥವಾ ಕಂಪ್ಯೂಟರ್‌ನಲ್ಲಿ ಅದೇ ಜಿಮೇಲ್‌ನಿಂದ ಲಾಗಿನ್ ಆಗಲು ಪ್ರಯತ್ನಿಸಿ. ಆಗದಿದ್ದರೆ ನಿಮ್ಮ ಫೋನಿನಿಂದಲೇ ಪಾಸ್‌ವರ್ಡ್ ಬದಲಿಸಿಕೊಂಡು, ರಿಕವರಿ ನಂಬರ್ ನಿಮ್ಮದೇ ಇದೆಯಾ ಅಂತ ಖಚಿತ ಮಾಡಿಕೊಳ್ಳಿ. ಪಾಸ್‌ವರ್ಡ್ ಬದಲಿಸಿದ ದಿನವೇ ರೀಸೆಟ್ ಮಾಡಬೇಡಿ, 24 ಗಂಟೆ ಬಿಡಿ ಅಂತ ಗೂಗಲ್ಲೇ ಹೇಳುತ್ತದೆ. ಆಮೇಲೆ ಪ್ಲೇ ಸ್ಟೋರ್‌ನಲ್ಲಿ ಮೇಲಿರುವ ನಿಮ್ಮ ಚಿತ್ರ ಒತ್ತಿ, ‘ಪೇಮೆಂಟ್ಸ್ ಅಂಡ್ ಸಬ್‌ಸ್ಕ್ರಿಪ್ಷನ್ಸ್’ ಒಳಗೆ ಏನೇನು ಕೊಂಡಿದ್ದೀರಿ ಅಂತ ನೋಡಿ. ಅಲ್ಲಿ ಕಾಣದಿದ್ದರೆ ಕೊಂಡದ್ದು ಬೇರೆ ಅಕೌಂಟ್‌ನಿಂದ ಅಂತ ಅರ್ಥ.

ನಂಬರಿಗೆ ಸೇರಿದ ಆ್ಯಪ್‌ಗಳು ಸುಲಭ, ಸಿಮ್ ನಿಮ್ಮ ಹತ್ತಿರ ಇದ್ದರೆ ಸಾಕು. ವಾಟ್ಸ್‌ಆ್ಯಪ್ 6 ಅಂಕಿಯ ಕೋಡು ಕಳಿಸುತ್ತದೆ. ‘ಟು ಸ್ಟೆಪ್ ವೆರಿಫಿಕೇಷನ್’ ಹಾಕಿದ್ದರೆ ಆ ಪಿನ್ ಕೂಡ ಬೇಕು. ಚಾಟ್ ಬ್ಯಾಕಪ್ ಯಾವ ಜಿಮೇಲ್‌ಗೆ ಹೋಗುತ್ತಿದೆ, ಕೊನೆಯ ಸಲ ಯಾವಾಗ ಆಗಿದೆ ನೋಡಿ. ಗೂಗಲ್‌ನ 15 ಜಿಬಿ ಉಚಿತ ಜಾಗ ತುಂಬಿದ್ದರೆ ಬ್ಯಾಕಪ್ ನಿಂತೇ ಹೋಗಿರಬಹುದು. ಬ್ಯಾಕಪ್‌ಗೆ ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ ಹಾಕಿದ್ದರೆ ಅದರ ಪಾಸ್‌ವರ್ಡ್ ಅಥವಾ 64 ಅಂಕಿ-ಅಕ್ಷರದ ಕೀ ಇಲ್ಲದೆ ವಾಟ್ಸ್‌ಆ್ಯಪ್‌ನವರೂ ಅದನ್ನು ತೆರೆಯಲಾರರು.

ಯುಪಿಐ ಬಗ್ಗೆ ಅಂಗಡಿಯವರು ಜಾಸ್ತಿ ಹೆದರುತ್ತಾರೆ, ಹೆದರಬೇಕಾಗಿಲ್ಲ. ಗಲ್ಲಾದ ಮುಂದೆ ಅಂಟಿಸಿದ ಕ್ಯೂಆರ್ ಕೋಡು ನಿಮ್ಮ ಯುಪಿಐ ಐಡಿಗೆ, ಅದರ ಮೂಲಕ ಬ್ಯಾಂಕ್ ಖಾತೆಗೆ ಸೇರಿದ್ದು, ಫೋನಿಗಲ್ಲ. ಫೋನ್ ರಿಪೇರಿಯಲ್ಲಿದ್ದಾಗಲೂ ಗಿರಾಕಿ ಸ್ಕ್ಯಾನ್ ಮಾಡಿದರೆ ದುಡ್ಡು ಖಾತೆಗೆ ಬರುತ್ತದೆ. ರೀಸೆಟ್ ಆದ ಮೇಲೆ ಆ್ಯಪ್ ನಿಮ್ಮ ಸಿಮ್‌ನಿಂದ ಒಂದು ಎಸ್‌ಎಂಎಸ್ ಕಳಿಸಿ ಫೋನನ್ನು ಮತ್ತೆ ಖಾತೆಗೆ ಜೋಡಿಸುತ್ತದೆ. ಹಾಗಾಗಿ ಬ್ಯಾಂಕಿಗೆ ಕೊಟ್ಟ ಸಿಮ್ ಅದೇ ಫೋನಿನಲ್ಲಿರಬೇಕು, ಎಸ್‌ಎಂಎಸ್ ಹೋಗುವಷ್ಟು ರೀಚಾರ್ಜ್ ಇರಬೇಕು. ಯುಪಿಐ ಪಿನ್ ಹಳೆಯದೇ ನಡೆಯುತ್ತದೆ. ಹೊಸದಾಗಿ ಜೋಡಿಸಿದ ಮೊದಲ 24 ಗಂಟೆ ಕೆಲವು ಬ್ಯಾಂಕುಗಳು ಕಳಿಸುವ ಮೊತ್ತಕ್ಕೆ ಮಿತಿ ಹಾಕುತ್ತವೆ. ನೇಕಾರರಿಗೆ ದೊಡ್ಡ ಮೊತ್ತ ಕೊಡಬೇಕಾದ ದಿನಕ್ಕೆ ಇದನ್ನು ಇಟ್ಟುಕೊಳ್ಳಬೇಡಿ. ಬ್ಯಾಂಕಿನದೇ ಆ್ಯಪ್‌ಗೆ ಡೆಬಿಟ್ ಕಾರ್ಡ್ ವಿವರ ಕೇಳಬಹುದು, ಕಾರ್ಡ್ ಹತ್ತಿರ ಇಟ್ಟುಕೊಳ್ಳಿ. ಈ ಜೋಡಣೆಯನ್ನೆಲ್ಲ ನೀವೇ ಮಾಡಿ. ಒಟಿಪಿ, ಪಿನ್ ಯಾವುದನ್ನೂ ಮೊಬೈಲ್ ಅಂಗಡಿಯಲ್ಲಿ ಬಾಯಿಬಿಟ್ಟು ಹೇಳಬೇಡಿ.

ಲಾಗಿನ್‌ಗೆ ಕೋಡು ತೋರಿಸುವ ಅಥೆಂಟಿಕೇಟರ್ ಆ್ಯಪ್ ಇದ್ದರೆ ಅದನ್ನು ಮರೆಯಬೇಡಿ. ಗೂಗಲ್ ಅಥೆಂಟಿಕೇಟರ್‌ನಲ್ಲಿ 2023ರಿಂದ ಕೋಡುಗಳನ್ನು ಅಕೌಂಟ್‌ಗೆ ಸಿಂಕ್ ಮಾಡುವ ಸೌಲಭ್ಯ ಇದೆ, ಅದು ಆನ್ ಇದೆಯಾ ನೋಡಿ. ಇಲ್ಲದಿದ್ದರೆ ‘ಟ್ರಾನ್ಸ್‌ಫರ್ ಅಕೌಂಟ್ಸ್’ ಒತ್ತಿ ಬರುವ ಕ್ಯೂಆರ್ ಕೋಡನ್ನು ಇನ್ನೊಂದು ಫೋನಿನಿಂದ ಸ್ಕ್ಯಾನ್ ಮಾಡಿ. ಗೂಗಲ್ ಫೋಟೋಸ್‌ನ ‘ಲಾಕ್ಡ್ ಫೋಲ್ಡರ್’ ಥರದ ಗುಪ್ತ ಜಾಗದಲ್ಲಿ ಫೋಟೋ ಇಟ್ಟಿದ್ದು ಅದಕ್ಕೆ ಬ್ಯಾಕಪ್ ಹಾಕಿಲ್ಲದಿದ್ದರೆ, ಹೊರಗೆ ತೆಗೆಯಿರಿ. ಮೆಮೊರಿ ಕಾರ್ಡ್ ಇದ್ದರೆ ರೀಸೆಟ್‌ಗೆ ಮುಂಚೆ ಬಿಚ್ಚಿಡಿ. ಇ-ಸಿಮ್ ಇದ್ದರೆ ರೀಸೆಟ್ ಪುಟದಲ್ಲಿ ‘ಇ-ಸಿಮ್ ಅಳಿಸು’ ಅನ್ನುವುದಕ್ಕೆ ಟಿಕ್ ಹಾಕಬೇಡಿ. ಬಿಲ್ ಪ್ರಿಂಟರ್‌ನ ಬ್ಲೂಟೂತ್ ಜೋಡಣೆಯೂ ಹೋಗುತ್ತದೆ. ಸಣ್ಣ ಥರ್ಮಲ್ ಪ್ರಿಂಟರುಗಳಿಗೆ ಸಾಮಾನ್ಯವಾಗಿ 0000 ಅಥವಾ 1234 ಕೊಟ್ಟರೆ ಮತ್ತೆ ಸೇರಿಕೊಳ್ಳುತ್ತದೆ.

ಗೂಗಲ್‌ನ ಸ್ವಂತ ಬ್ಯಾಕಪ್ ಇದೆಯಲ್ಲ, ಅದೇ ಸಾಕಾಗಲ್ವಾ ಅಂತ ಕೇಳಬಹುದು. ಅದನ್ನು ಖಂಡಿತ ಮಾಡಿ, ಆದರೆ ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ಅದು ಒಂದು ಆ್ಯಪ್‌ಗೆ 25 ಎಂಬಿವರೆಗೆ ಮಾತ್ರ ಡೇಟಾ ತೆಗೆದುಕೊಳ್ಳುತ್ತದೆ. ಆ್ಯಪ್ ಮಾಡಿದವರು ‘ನಮ್ಮದನ್ನು ಬ್ಯಾಕಪ್ ಮಾಡಬೇಡ’ ಅಂತ ಹೇಳಿದ್ದರೆ ಅದನ್ನು ಮುಟ್ಟುವುದೂ ಇಲ್ಲ. ಬ್ಯಾಂಕ್ ಆ್ಯಪ್‌ಗಳು ಸಾಮಾನ್ಯವಾಗಿ ಹಾಗೆಯೇ ಹೇಳಿರುತ್ತವೆ. ಸೆಟ್ಟಿಂಗ್ಸ್‌ನಲ್ಲಿ ‘ಬ್ಯಾಕಪ್ ನೌ’ ಒತ್ತಿ, ವೈಫೈ ಮತ್ತು ಚಾರ್ಜರ್ ಹಾಕಿ ಮುಗಿಯುವವರೆಗೆ ಬಿಡಿ. ಈಗಿನ ಸ್ಕ್ರೀನ್ ಲಾಕ್ ಪ್ಯಾಟರ್ನ್ ಅಥವಾ ಪಿನ್ ನೆನಪಿರಲಿ. ವಾಪಸ್ ಪಡೆಯುವಾಗ ಹಳೆಯ ಪ್ಯಾಟರ್ನ್ ಕೇಳುತ್ತದೆ. ಫೋನ್ ಹೊಸದಾಗಿ ಆನ್ ಆದಾಗ ‘ಬ್ಯಾಕಪ್‌ನಿಂದ ತರಬೇಕಾ?’ ಅಂತ ಬರುತ್ತದೆ, ಅಲ್ಲಿ ‘ಸ್ಕಿಪ್’ ಒತ್ತಬೇಡಿ. ಫೋನನ್ನು ಬಳಸದೆ ಬಿಟ್ಟರೆ 57 ದಿನಕ್ಕೆ ಬ್ಯಾಕಪ್ ಅಳಿಯಬಹುದು, ಹಾಗಾಗಿ ರಿಪೇರಿಗೆ ಕೊಟ್ಟು ತಿಂಗಳುಗಟ್ಟಲೆ ಬಿಡಬೇಡಿ.

ಮೊಬೈಲ್ ಅಂಗಡಿಯವರ ಮಾತಿಗೆ ಬರೋಣ. ‘ಎಲ್ಲ ಬ್ಯಾಕಪ್’ ಅಂದರೆ ಅವರ ಕೈಲಾಗುವುದು ಫೋಟೋ, ವಿಡಿಯೋ, ಕಾಂಟ್ಯಾಕ್ಟ್, ಫೈಲು. ಆ್ಯಪ್‌ನ ಒಳಗಿನ ಡೇಟಾವನ್ನು ಇನ್ನೊಂದು ಆ್ಯಪ್ ಅಥವಾ ಕಂಪ್ಯೂಟರ್ ಓದಲು ಆಂಡ್ರಾಯ್ಡ್ ಬಿಡುವುದಿಲ್ಲ. ರೂಟ್ ಮಾಡಿ (ಸಿಸ್ಟಮ್ಮಿನ ಕಾವಲು ಮುರಿದು ಪೂರ್ತಿ ಹಿಡಿತ ಪಡೆದು) ತೆಗೆಯುತ್ತೇವೆ ಅಂದರೆ ಬೇಡ ಅನ್ನಿ. ಅದಕ್ಕೆ ಸಾಮಾನ್ಯವಾಗಿ ಬೂಟ್‌ಲೋಡರ್ ಅನ್‌ಲಾಕ್ ಮಾಡಬೇಕು, ಮಾಡಿದಾಗಲೇ ಉಳಿಸಬೇಕಾದ್ದು ಅಳಿದುಹೋಗುತ್ತದೆ. ಆಮೇಲೆ ಎಷ್ಟೋ ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳು ಅಂಥ ಫೋನಿನಲ್ಲಿ ಓಡುವುದಿಲ್ಲ.

ಸಾಫ್ಟ್‌ವೇರ್ ಹೊಡೆಸಲೇಬೇಕಾಗಿ ಬಂದರೆ ನಿಮ್ಮ ಮಾಡೆಲ್‌ನದೇ ಕಂಪನಿ ಸಾಫ್ಟ್‌ವೇರ್, ಈಗಿರುವ ಆಂಡ್ರಾಯ್ಡ್ ವರ್ಷನ್ನೇ ಹಾಕಲು ಹೇಳಿ. ಹೊಸ ವರ್ಷನ್‌ನಲ್ಲಿ ಮಾಡಿದ ಗೂಗಲ್ ಬ್ಯಾಕಪ್ ಹಳೆಯ ವರ್ಷನ್‌ಗೆ ಬರುವುದಿಲ್ಲ. ಕೊಡುವ ಮುಂಚೆ ಡಯಲ್ ಪ್ಯಾಡ್‌ನಲ್ಲಿ *#06# ಒತ್ತಿ 15 ಅಂಕಿಯ ಐಎಂಇಐ ಬರೆದುಕೊಳ್ಳಿ, ಡಬ್ಬಿಯ ಮೇಲೆ ಇರುವುದರ ಜೊತೆ ತಾಳೆ ನೋಡಿ. ವಾಪಸ್ ಪಡೆದಾಗ ಮತ್ತೆ ಒತ್ತಿ ನೋಡಿ. ತಪ್ಪು ಫೈಲು ಹೊಡೆದಾಗ ಐಎಂಇಐ ಮಾಯವಾಗುವುದುಂಟು. ಆಗ ‘ಬೇರೆ ಐಎಂಇಐ ಬರೆದುಕೊಡ್ತೀನಿ’ ಅಂತ ಯಾರಾದರೂ ಅಂದರೆ ಒಪ್ಪಲೇಬೇಡಿ. ಐಎಂಇಐ ತಿದ್ದುವುದು 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಅಪರಾಧ, 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ. ಫೋನ್ ತಯಾರಿಸಿದ ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗಿ. ‘ಲೈಸೆನ್ಸ್ ಹೋದರೆ ಹೋಗಲಿ, ಫುಲ್ ವರ್ಷನ್ ಕ್ರ್ಯಾಕ್ ಹಾಕಿಕೊಡ್ತೀನಿ’ ಅನ್ನುವವರಿಂದಲೂ ದೂರ ಇರಿ. ನಿಮ್ಮ ಗಿರಾಕಿಗಳ ನಂಬರು, ಉದ್ರಿ, ವ್ಯಾಪಾರದ ಲೆಕ್ಕ ಇರುವ ಆ್ಯಪ್ ಅದು. ಯಾರು ಏನು ಸೇರಿಸಿದ್ದಾರೆ ಅಂತ ಗೊತ್ತಿಲ್ಲದ ಫೈಲಿಗೆ ಅದನ್ನು ಒಪ್ಪಿಸಬಾರದು.

ರೀಸೆಟ್ ಆದ ಮೇಲೆ ಮೊದಲು ಅದೇ ಗೂಗಲ್ ಅಕೌಂಟ್, ಆಮೇಲೆ ವಾಟ್ಸ್‌ಆ್ಯಪ್, ಯುಪಿಐ. ಬಿಲ್ಲಿಂಗ್ ಆ್ಯಪನ್ನು ಕಂಪನಿಯ ಜಾಗದಿಂದಲೇ ಇಳಿಸಿ, ಹಳೆಯ ಇ-ಮೇಲ್ ಮತ್ತು ಕೀ ಕೊಟ್ಟು ಆ್ಯಕ್ಟಿವೇಟ್ ಮಾಡಿ, ಕೂಡಲೇ ಬ್ಯಾಕಪ್ ಫೈಲು ಹಾಕಿ. ಅದಕ್ಕಿಂತ ಮುಂಚೆ ಒಂದು ಬಿಲ್ಲನ್ನೂ ಹಾಕಬೇಡಿ. ಹಾಳೆಯಲ್ಲಿ ಬರೆದಿಟ್ಟ ಬಿಲ್ ನಂಬರ್, ಉದ್ರಿ ಮೊತ್ತ, ಸ್ಟಾಕು ಮೂರೂ ಕೂಡಿಬಂದರೆ ವ್ಯಾಪಾರ ಶುರು ಮಾಡಿ. ಬರದಿದ್ದರೆ ಆ ದಿನ ಕೈಬಿಲ್ ಕೊಟ್ಟು ಕಂಪನಿಗೆ ಫೋನ್ ಮಾಡಿ.

ಇನ್ನೊಂದು ವಿಷಯ ನಿಮ್ಮ ‘ಲೈಫ್‌ಟೈಮ್’ ಬಗ್ಗೆ. ಅದು ಕಂಪನಿ ಇರುವವರೆಗೆ ಮಾತ್ರ. ಕಂಪನಿ ಮುಚ್ಚಿದ್ದರೆ, ಸರ್ವರ್ ನಿಂತಿದ್ದರೆ, ಕೀ ಸರಿ ಇದ್ದರೂ ಆ್ಯಕ್ಟಿವೇಟ್ ಆಗುವುದಿಲ್ಲ. ಅದಕ್ಕೇ ಈ ಎಲ್ಲ ಕೆಲಸಕ್ಕೂ ಮುಂಚೆ ಆ ಮೇಲ್ ಬರೆದು ಒಂದು ವಾರ ಕಾಯಿರಿ, ಫೋನ್ ನಂಬರ್ ಇದ್ದರೆ ಫೋನೂ ಮಾಡಿ. ಉತ್ತರ ಬಂದರೆ ನಿಶ್ಚಿಂತೆಯಿಂದ ರೀಸೆಟ್ ಮಾಡಿ. ಬನಶಂಕರಿ ಜಾತ್ರೆಯ ವ್ಯಾಪಾರವೋ ಮದುವೆ ಸೀಜನ್ನೋ ಹತ್ತಿರ ಇದ್ದರೆ ಅದು ಮುಗಿದ ಮೇಲೆ ಮಾಡಿ. ಉತ್ತರವೇ ಬರದಿದ್ದರೆ ಈ ಫೋನನ್ನು ರೀಸೆಟ್ ಮಾಡಲೇಬೇಡಿ. ಸಿಮ್, ವಾಟ್ಸ್‌ಆ್ಯಪ್, ಯುಪಿಐ ಎಲ್ಲ ಒಂದು ಸಾದಾ ಹೊಸ ಫೋನಿಗೆ ಹೋಗಲಿ. ಹಳೆಯದರಲ್ಲಿ ಫೋಟೋ, ವಿಡಿಯೋ ಅಳಿಸಿ ಜಾಗ ಮಾಡಿ, ಬಿಲ್ಲಿಂಗ್ ಆ್ಯಪ್ ಒಂದನ್ನೇ ಇಟ್ಟು ಗಲ್ಲಾದ ಮೇಲೆ ಕೂರಿಸಿ. ಆ ಆ್ಯಪನ್ನು ಅಪ್‌ಡೇಟ್ ಮಾಡಬೇಡಿ, ಲಾಗೌಟ್ ಆಗಬೇಡಿ. ಲೆಕ್ಕವನ್ನು ವಾರಕ್ಕೊಮ್ಮೆ ಎಕ್ಸೆಲ್‌ಗೆ ತೆಗೆಯುತ್ತ, ಬರುವ ಏಪ್ರಿಲ್ 1ರಿಂದ ಹೊಸ ಆರ್ಥಿಕ ವರ್ಷದ ಬಿಲ್ಲುಗಳನ್ನು ಬೇರೆ ಆ್ಯಪ್‌ನಲ್ಲಿ ಶುರು ಮಾಡಿ. ಹಳೆಯ ಉದ್ರಿ ಬಾಕಿಯನ್ನು ಅಲ್ಲಿ ಓಪನಿಂಗ್ ಬ್ಯಾಲೆನ್ಸ್ ಆಗಿ ಹಾಕಿಕೊಂಡರೆ ಆಯಿತು.